ಕಾಣಲಿಲ್ಲ, ಆದ್ದರಿಂದ ಇಲ್ಲ

ಹಿಂದೂಪುರದಿಂದ ಉತ್ತರಕ್ಕೆ ಹೊರಟು ಪೆನುಕೊಂಡ ದಾಟಿದರೆ ಚೆನ್ನೆಕೊತ್ತಪಲ್ಲಿ. ಅಲ್ಲಿಂದ ವಾಯವ್ಯಕ್ಕೆ ತಿರುಗಿದರೆ ಕಲ್ಯಾಣದುರ್ಗದ ಸೀಮೆ. ಮಳೆ ಕಡಿಮೆ, ಬಂಡೆಗುಡ್ಡ ಜಾಸ್ತಿ, ಶೇಂಗಾ ಹೊಲಗಳ ನಾಡು. ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಆಡುವ ಜನ. ಚೆನ್ನೆಕೊತ್ತಪಲ್ಲಿಯ ಬಳಿ ಬೋಳುಬಿದ್ದಿದ್ದ ನೆಲದಲ್ಲಿ 1990ರಿಂದ ಮರ ಬೆಳೆಸಿಕೊಂಡು ಬಂದಿರುವ ಟಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆಯಿದೆ. ಸಾವಯವ ಕೃಷಿಯ ಆಸಕ್ತರಿಗೆ ಅದರ ಹೆಸರು ಗೊತ್ತು. ವಿಶ್ವದ ಮೊದಲ ನಕ್ಷತ್ರಗಳ ಕುರಿತ ಒಂದು ಸಂಶೋಧನಾ ಪ್ರಬಂಧದಲ್ಲೂ ಆ ಹೆಸರು ಸೇರಿಕೊಂಡಿದೆ ಎಂಬುದು ಬಹಳ ಮಂದಿಗೆ ಗೊತ್ತಿರಲಾರದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸರಸ್-2 ಎಂಬ ರೇಡಿಯೊ ಉಪಕರಣವನ್ನು ಅಲ್ಲಿ ಇಟ್ಟು, ರಾತ್ರಿಹೊತ್ತಿನಲ್ಲಿ ಪಡೆದ 63 ಗಂಟೆಗಳ ದತ್ತಾಂಶವನ್ನು ಆಧರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಡುಕಿದ ಸಂಕೇತ ಸಿಗಲಿಲ್ಲ ಎಂಬುದೇ ಆ ಫಲಿತಾಂಶ. ಸಿಗಲಿಲ್ಲ ಎಂಬ ಕಾರಣದಿಂದಲೇ, ಮೊದಲ ನಕ್ಷತ್ರಗಳ ಬಗ್ಗೆ ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದ ಒಂದು ಬಗೆಯ ಕಲ್ಪನೆಗಳು ನಿಜವಾಗಿರುವ ಸಂಭವ ಕಡಿಮೆ ಎಂದು ಅವರು ಬರೆದರು.

ಏನೂ ಸಿಗದವನಿಗೆ ಏನಾದರೂ ತಿಳಿದಂತಾಯಿತೇ? ನಮ್ಮ ದರ್ಶನಕಾರರು ಶತಮಾನಗಟ್ಟಲೆ ಕಾದಾಡಿದ್ದು ಇದೇ ಪ್ರಶ್ನೆಗಾಗಿ. ಆ ಚರ್ಚೆಯ ಹೆಸರು ಅನುಪಲಬ್ಧಿ.

ಅವರ ಉದಾಹರಣೆ ತೀರ ಸರಳ: ನೆಲದ ಮೇಲೆ ಗಡಿಗೆ ಇಲ್ಲ. ಕಣ್ಣಿಗೆ ಬಿದ್ದದ್ದು ಬರೀ ನೆಲ. 'ಇಲ್ಲ' ಎಂಬುದು ಕಣ್ಣಿಗೆ ಎಲ್ಲಿ ಬಿತ್ತು? ಇಲ್ಲದ್ದಕ್ಕೆ ಬಣ್ಣವಿಲ್ಲ, ಆಕಾರವಿಲ್ಲ, ಕಣ್ಣಿನೊಡನೆ ಅದಕ್ಕೆ ಸಂಪರ್ಕವೂ ಸಾಧ್ಯವಿಲ್ಲ. ಆದರೂ ಗಡಿಗೆ ಇಲ್ಲವೆಂದು ನಾವು ತಿಳಿಯುತ್ತೇವೆ, ಸಂಶಯಪಡುವುದಿಲ್ಲ. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ, ಇದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಅರಿವು ಕೊಡುವ ಬೇರೆಯದೇ ಸಾಧನ, ಬೇರೆಯದೇ ಪ್ರಮಾಣ ಎಂದ. ಮುಂದೆ ಅದ್ವೈತಿಗಳೂ ಇದನ್ನು ಆರನೆಯ ಪ್ರಮಾಣವಾಗಿ ಒಪ್ಪಿಕೊಂಡರು. ನೈಯಾಯಿಕರು ಒಪ್ಪಲಿಲ್ಲ: ಅಭಾವವೂ ಪ್ರತ್ಯಕ್ಷಕ್ಕೇ ಗೋಚರ, ಇನ್ನೊಂದು ಪ್ರಮಾಣ ಯಾಕೆ? ಮೀಮಾಂಸಕರಲ್ಲೇ ಇನ್ನೊಂದು ಪಂಥದವರಾದ ಪ್ರಾಭಾಕರರ ಪ್ರಕಾರ ಅಭಾವವೆಂಬ ವಸ್ತುವೇ ಇಲ್ಲ, ಕಂಡದ್ದು ಬರಿದಾದ ನೆಲ ಅಷ್ಟೇ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದನ್ನು ಅನುಮಾನದ ಲೆಕ್ಕಕ್ಕೆ ಹಾಕಿದ.

ಲೆಕ್ಕ ಯಾವ ಖಾತೆಗೆ ಎಂಬ ಜಗಳ ನನಗೆ ಅಷ್ಟು ರುಚಿಸುವುದಿಲ್ಲ. ಜಗಳವಾಡಿದವರೆಲ್ಲ ಒಂದಲ್ಲ ಒಂದು ರೂಪದಲ್ಲಿ ಒಪ್ಪಿಕೊಂಡ ಒಂದು ಷರತ್ತು ಮಾತ್ರ ಬಲು ಬೆಲೆಯುಳ್ಳದ್ದು. ಕಾಣದಿರುವುದೆಲ್ಲ ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. 'ಇದ್ದಿದ್ದರೆ ಕಂಡೇ ಕಾಣುತ್ತಿತ್ತು' ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಯೋಗ್ಯಾನುಪಲಬ್ಧಿ. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ಹುಡುಕುವ ವಸ್ತು ಕಾಣುವ ಜಾತಿಯದ್ದಾಗಿರಬೇಕು. ಕಂಬದ ಮೇಲೆ ಪಿಶಾಚಿ ಕಾಣಲಿಲ್ಲ ಎಂದರೆ ಪಿಶಾಚಿ ಇಲ್ಲವೆಂದು ಸಾಬೀತಾಗುವುದಿಲ್ಲ, ಏಕೆಂದರೆ ಪಿಶಾಚಿ ಇದ್ದರೂ ಕಾಣುವಂಥದ್ದಲ್ಲ. ಈ ಪಿಶಾಚಿಯನ್ನು ಶಾಸ್ತ್ರಗ್ರಂಥಗಳೇ ಉದಾಹರಣೆಯಾಗಿ ಕೊಟ್ಟಿವೆ, ನಾನು ಸೇರಿಸಿದ್ದಲ್ಲ.

ಈಗ ಟಿಂಬಕ್ಟುವಿಗೆ ಬರೋಣ. ಹೈಡ್ರೋಜನ್ ಪರಮಾಣು 1420 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಅಂದರೆ 21 ಸೆಂಟಿಮೀಟರ್ ತರಂಗಾಂತರದಲ್ಲಿ, ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತದೆ ಅಥವಾ ಹೀರುತ್ತದೆ. ಮೊದಲ ನಕ್ಷತ್ರಗಳ ಕಾಲದಿಂದ ಹೊರಟ ಅಲೆ ವಿಶ್ವದ ಹಿಗ್ಗುವಿಕೆಯಿಂದ ಎಳೆದುಕೊಂಡು, ನಮ್ಮನ್ನು ತಲುಪುವ ಹೊತ್ತಿಗೆ ಹತ್ತಾರು ಪಟ್ಟು ಉದ್ದವಾಗಿರುತ್ತದೆ. ಆವೃತ್ತಿ ಅಷ್ಟೇ ಪಟ್ಟು ಇಳಿದಿರುತ್ತದೆ. ಸರಸ್-2 ಆಲಿಸಿದ್ದು 110ರಿಂದ 200 ಮೆಗಾಹರ್ಟ್ಸ್‌ವರೆಗೆ. ಅದಕ್ಕೆ ತುಸು ಕೆಳಗೇ, 88ರಿಂದ 108ರವರೆಗೆ, ನಮ್ಮ ಎಫ್‌ಎಂ ಚಿತ್ರಗೀತೆಗಳ ಸಂತೆ. ನಗರ ಬಿಟ್ಟು ಗುಡ್ಡಗಳ ಮರೆ ಹುಡುಕಿಕೊಂಡು ಹೋದದ್ದು ಅದಕ್ಕೇ.

ಆದರೆ ಎಫ್‌ಎಂ ದೊಡ್ಡ ಶತ್ರುವಲ್ಲ. ನಮ್ಮ ಆಕಾಶಗಂಗೆಯೇ ಈ ಆವೃತ್ತಿಗಳಲ್ಲಿ ಹಗಲೂ ರಾತ್ರಿ ಅಬ್ಬರಿಸುತ್ತಿರುತ್ತದೆ. ಹುಡುಕುವ ಸಂಕೇತ ಅದರ ಹತ್ತು ಸಾವಿರದಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಅದೃಷ್ಟಕ್ಕೆ ಆ ಅಬ್ಬರ ಆವೃತ್ತಿಯೊಡನೆ ನಯವಾಗಿ ಏರಿಳಿಯುತ್ತದೆ, ಅದರಲ್ಲಿ ಚೂಪಾದ ತಿರುವುಗಳಿಲ್ಲ. ಆದ್ದರಿಂದ ನಯವಾದ ಭಾಗವನ್ನು ಲೆಕ್ಕಹಾಕಿ ಕಳೆದುಬಿಟ್ಟರೆ, ಉಳಿದ ಉಬ್ಬುತಗ್ಗು ಆದಿಕಾಲದ ಹೈಡ್ರೋಜನ್ನಿನದು. ಯೋಗ್ಯತೆಯ ಪ್ರಶ್ನೆ ಏಳುವುದು ಇಲ್ಲೇ. ನಯವಾದದ್ದನ್ನೆಲ್ಲ ಕಳೆಯುವ ವಿಧಾನದಲ್ಲಿ, ಆದಿಕಾಲದ ಸಂಕೇತವೇ ನಯವಾಗಿದ್ದರೆ ಅದೂ ಕಳೆದುಹೋಗುತ್ತದೆ. ವಿಶ್ವದ ಹೈಡ್ರೋಜನ್ ನಿಧಾನವಾಗಿ, ಬಹುಕಾಲ ತೆಗೆದುಕೊಂಡು ಅಯಾನೀಕರಣಗೊಂಡಿದ್ದರೆ ಈ ಉಪಕರಣಕ್ಕೆ ಅದು ಕಂಬದ ಮೇಲಿನ ಪಿಶಾಚಿ. ಎಕ್ಸ್-ಕಿರಣಗಳ ಕಾವು ಕಡಿಮೆಯಿದ್ದು ಅನಿಲ ತಣ್ಣಗೇ ಉಳಿದು, ಆಮೇಲೆ ಅಯಾನೀಕರಣ ಥಟ್ಟನೆ ನಡೆದಿದ್ದರೆ ಮಾತ್ರ ರೋಹಿತದಲ್ಲಿ ಕಡಿದಾದ ಗುರುತು ಬೀಳಬೇಕಿತ್ತು. ಆ ಗುರುತು ಬೀಳಲಿಲ್ಲ. ಹಾಗಾಗಿ ಪ್ರಬಂಧ 'ಇಲ್ಲ' ಎಂದದ್ದು ಆ ಬಗೆಯ ಮಾದರಿಗಳಿಗೆ ಮಾತ್ರ, ಉಳಿದವುಗಳ ಬಗ್ಗೆ ಬಾಯಿ ಬಿಡಲಿಲ್ಲ. ಕುಮಾರಿಲನ ಶಿಷ್ಯನೊಬ್ಬ ಓದಿದ್ದರೂ ತಲೆದೂಗುತ್ತಿದ್ದ ಸಂಯಮ.

ವಿಜ್ಞಾನದ ತತ್ತ್ವ ಎಂದರೆ ನಮ್ಮ ಬರಹಗಳಲ್ಲಿ ಕಾರ್ಲ್ ಪಾಪ್ಪರ್ ಹೆಸರು ತಪ್ಪದೆ ಬರುತ್ತದೆ: ಸಿದ್ಧಾಂತ ಒಂದು ಭವಿಷ್ಯ ನುಡಿಯಬೇಕು, ಅದು ಸುಳ್ಳಾದರೆ ಸಿದ್ಧಾಂತ ಬಿತ್ತು. ಪಾಪ್ಪರ್‌ಗೂ ಮುಂಚೆ, 1906ರಲ್ಲೇ, ಫ್ರೆಂಚ್ ಭೌತವಿಜ್ಞಾನಿ ಪಿಯರ್ ಡ್ಯುಹೆಮ್ ಇದಕ್ಕೆ ಅಡ್ಡಿ ಎತ್ತಿದ್ದ. ಪ್ರಯೋಗಾಲಯದಲ್ಲಿ ಸೋಲುವುದು ಒಂಟಿ ಸಿದ್ಧಾಂತವಲ್ಲ. ಉಪಕರಣದ ಬಗೆಗಿನ ನಂಬಿಕೆ, ಲೆಕ್ಕದ ಊಹೆ, ಎಲ್ಲ ಒಟ್ಟಿಗೇ ಪರೀಕ್ಷೆಗೆ ಕೂತಿರುತ್ತವೆ. ತಪ್ಪು ಯಾರದು ಎಂದು ಪ್ರಯೋಗ ಬೆರಳು ತೋರಿಸುವುದಿಲ್ಲ. ಯೋಗ್ಯಾನುಪಲಬ್ಧಿಯ ಷರತ್ತು ಈ ತೊಡಕನ್ನು ಬಿಡಿಸುವುದಿಲ್ಲ, ಆದರೆ ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ: ಮೊದಲು ಕಣ್ಣು ಸರಿಯಿದೆ ಎಂದು ತೋರಿಸು, ಆಮೇಲೆ ಗಡಿಗೆಯ ಮಾತು. ನಮ್ಮ ಪೂರ್ವಿಕರಿಗೆ ಎಲ್ಲ ವಿಜ್ಞಾನವೂ ಗೊತ್ತಿತ್ತು ಎಂದು ಭಾಷಣ ಮಾಡುವವರು ಅವರು ನಿಜವಾಗಿ ಯೋಚಿಸಿದ ಇಂಥ ವಿಚಾರವನ್ನು ಎತ್ತಿಕೊಳ್ಳುವುದೇ ಇಲ್ಲ. ಕುಮಾರಿಲನಿಗೆ ರೇಡಿಯೊ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

ಕೋಲಾರದ ಚಿನ್ನದ ಗಣಿಯ ಕಥೆಯೂ ಇದೇ ಜಾಡಿನದು. ಅಲ್ಲಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಶೋಧಕವನ್ನಿಟ್ಟು 1980ರಿಂದ ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾದರು. ಕೆಲವು ಘಟನೆಗಳು ಹಾಗೆಯೇ ಕಂಡವು, ವರದಿಯೂ ಆಯಿತು. ಅಮೆರಿಕ, ಜಪಾನ್‌ಗಳ ಇನ್ನೂ ದೊಡ್ಡ ಶೋಧಕಗಳಿಗೆ ಅಂಥದ್ದು ಕಾಣಲಿಲ್ಲ. ಆ ಕಾಣದಿರುವಿಕೆಯಿಂದಲೇ, ಪ್ರೋಟಾನ್ ಒಡೆಯಬೇಕೆಂದು ನುಡಿದಿದ್ದ ಅಂದಿನ ಅತಿ ಸರಳ ಏಕೀಕರಣ ಸಿದ್ಧಾಂತ ಮೂಲೆ ಸೇರಿತು. ಆದರೆ 'ಪ್ರೋಟಾನ್ ಒಡೆಯುವುದೇ ಇಲ್ಲ' ಎಂದು ಇವತ್ತಿಗೂ ಯಾರೂ ಬರೆಯುವುದಿಲ್ಲ. ಒಡೆಯುವುದಾದರೂ ಒಂದರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಗಳಿಗೂ ಹೆಚ್ಚಿನ ಆಯುಸ್ಸು ಅದಕ್ಕಿದೆ ಎಂದಷ್ಟೇ ಬರೆಯುತ್ತಾರೆ. ಗಡಿಗೆಯ ಅಭಾವಕ್ಕೆ ಅಳತೆ ಬೇಕಿರಲಿಲ್ಲ. ಭೌತವಿಜ್ಞಾನದ ಅಭಾವ ಯಾವಾಗಲೂ ಒಂದು ಅಳತೆಯೊಂದಿಗೇ ಬರುತ್ತದೆ.

ಸರಸ್‌ನ ಮುಂದಿನ ಅಧ್ಯಾಯದಲ್ಲಿ ಇದು ಇನ್ನೂ ಸೂಕ್ಷ್ಮವಾಯಿತು. 2018ರ ಮಾರ್ಚ್‌ನಲ್ಲಿ ಎಡ್ಜಸ್ ಎಂಬ ಅಮೆರಿಕದ ತಂಡ, ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿಟ್ಟ ಆಂಟೆನಾದಿಂದ 78 ಮೆಗಾಹರ್ಟ್ಸ್‌ನ ಸುತ್ತ ಒಂದು ತಗ್ಗು ಕಂಡಿದ್ದಾಗಿ ಪ್ರಕಟಿಸಿತು. ಅದರ ಆಳ ಅರ್ಧ ಕೆಲ್ವಿನ್; ಸಿದ್ಧಾಂತಗಳು ಎಣಿಸಿದ್ದ ಗರಿಷ್ಠದ ಎರಡು ಪಟ್ಟಿಗೂ ಮಿಗಿಲು. ಕಪ್ಪುದ್ರವ್ಯ ಅನಿಲವನ್ನು ತಣಿಸಿತೇ ಎಂಬ ಊಹೆಗಳು ಸಾಲುಗಟ್ಟಿದವು. ರಾಮನ್ ಸಂಸ್ಥೆಯವರು ಬೇರೆ ಕಡೆ ನೋಡಿದರು: ಆಂಟೆನಾದ ಕೆಳಗಿನ ನೆಲ. ಮಣ್ಣು, ಬಂಡೆ, ತೇವ ಎಂದು ಪದರ ಪದರವಾಗಿರುವ ನೆಲ ಅಲೆಗಳನ್ನು ಒಂದೊಂದು ಆವೃತ್ತಿಯಲ್ಲಿ ಒಂದೊಂದು ರೀತಿ ಪ್ರತಿಫಲಿಸಿ, ರೋಹಿತದಲ್ಲಿ ತನ್ನದೇ ಉಬ್ಬುತಗ್ಗು ಮೂಡಿಸಬಲ್ಲದು. ನೀರಾದರೆ ಏಕರೂಪ. 2020ರ ಮೊದಲ ತಿಂಗಳುಗಳಲ್ಲಿ ಅವರು ಸರಸ್-3 ಅನ್ನು ತೆಪ್ಪದ ಮೇಲೆ ಕೂರಿಸಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಎಡ್ಜಸ್ ಹೇಳಿದ ತಗ್ಗಿನ ಆಕಾರವನ್ನು ಲೆಕ್ಕದೊಳಗೆ ಸೇರಿಸಿ, ದತ್ತಾಂಶ ಅದನ್ನು ಒಪ್ಪುತ್ತದೆಯೇ ಎಂದು ನೋಡಿದರು. ಒಪ್ಪಲಿಲ್ಲ. 2022ರ ಫೆಬ್ರುವರಿಯಲ್ಲಿ ಪ್ರಕಟವಾದ ತೀರ್ಮಾನ: ಆ ತಗ್ಗು ಆಕಾಶದ್ದಲ್ಲ, ವಿಶ್ವಾಸಮಟ್ಟ ಶೇ 95.3.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಹೊಸದೊಂದು ಕಣ ಸಿಕ್ಕಿತೆಂದು ಘೋಷಿಸಲು ಭೌತವಿಜ್ಞಾನಿಗಳು ಕೇಳುವ ಖಚಿತತೆ ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ 'ಭಾರತೀಯರು ಅಮೆರಿಕನ್ನರ ಶೋಧವನ್ನು ಸುಳ್ಳುಮಾಡಿದರು' ಎಂದು ಹಿಗ್ಗುವುದು ಅವಸರದ ಮಾತು. ಇನ್ನೊಂದು ದಿಕ್ಕಿನಿಂದಲೂ ನೋಡಬಹುದು: ಎಡ್ಜಸ್‌ನವರು ಕಂಡದ್ದನ್ನು ಇವರು ಕಾಣಲಿಲ್ಲ ಎಂದರೆ, ಇವರ ಕಣ್ಣಿನ ಯೋಗ್ಯತೆಯನ್ನು ಕೇಳುವ ಹಕ್ಕು ಅವರಿಗೂ ಇದೆ. ಕಂಡವನೂ ಕಾಣದವನೂ ಇಲ್ಲಿ ಒಂದೇ ಪರೀಕ್ಷೆಗೆ ಒಳಪಡುತ್ತಾರೆ. ಹಳೆಯ ಶಾಸ್ತ್ರಕಾರರು ಒಬ್ಬನೇ ನೋಡುಗನನ್ನು ಇಟ್ಟುಕೊಂಡು ಚರ್ಚಿಸಿದ್ದರಿಂದ ಈ ಪ್ರಸಂಗ ಅವರಿಗೆ ಅಷ್ಟಾಗಿ ಎದುರಾಗಲಿಲ್ಲ.

ಮುಂದಿನ ಹೆಜ್ಜೆಯಾಗಿ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳಿಸುವ ಯೋಜನೆಯಲ್ಲಿದ್ದಾರೆ. ಚಂದ್ರನ ಆಚೆ ಬದಿಯ ಮರೆಯಲ್ಲಿ ಎಫ್‌ಎಂ ತಪ್ಪುತ್ತದೆ, ಅಯಾನುಗೋಳ ತಪ್ಪುತ್ತದೆ, ಕಾಲ ಕೆಳಗಿನ ನೆಲವೂ ತಪ್ಪುತ್ತದೆ. ಆಕಾಶಗಂಗೆಯ ಅಬ್ಬರ ತಪ್ಪುವುದಿಲ್ಲ, ಆಂಟೆನಾದ ಸ್ವಂತ ವಕ್ರತೆಗಳೂ ಜೊತೆಗೇ ಹೋಗುತ್ತವೆ. ಅವನ್ನು ಅಳೆದು ಲೆಕ್ಕಕ್ಕೆ ತರುವ ಕೆಲಸ ಬೆಂಗಳೂರಿನ ಪ್ರಯೋಗಾಲಯದಲ್ಲೇ ಆಗಬೇಕು.