ಓದದೆ ತೂಗುವ ತಕ್ಕಡಿ

ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದವರ ಸಂಶೋಧನೆಯನ್ನು ಅಳೆಯುವುದು ಹೇಗೆ? ಅವರು ಬರೆದುದನ್ನು ಓದಬೇಕು ಎಂಬುದು ಸಹಜ ಉತ್ತರ. ಆದರೆ ಹೆಚ್ಚಾಗಿ ನಡೆಯುವುದೇ ಬೇರೆ. ಲೇಖನ ಯಾವ ಜರ್ನಲ್‌ನಲ್ಲಿ ಬಂದಿದೆ, ಅದರ ಶ್ರೇಯಾಂಕವೆಷ್ಟು ಎಂದು ನೋಡಿ ಅಂಕ ಹಾಕಲಾಗುತ್ತದೆ. ಮನೆತನದ ಹೆಸರಿನಿಂದ ಮನುಷ್ಯನ ಯೋಗ್ಯತೆ ನಿರ್ಧರಿಸುವುದು ತಪ್ಪೆನ್ನುವ ನಾವು, ಜರ್ನಲ್‌ನ ಹೆಸರಿನಿಂದ ವಿದ್ವಾಂಸರ ಯೋಗ್ಯತೆ ನಿರ್ಧರಿಸುವುದನ್ನು ಹೇಗೆ ಒಪ್ಪುತ್ತೇವೆ?

ಈ ಅಳತೆಗೋಲು ಹುಟ್ಟಿದ್ದು ಬೇರೆ ಕೆಲಸಕ್ಕೆ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಲೆಕ್ಕವನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಮತ್ತು ಸಂಗಡಿಗರು 1960ರ ದಶಕದಲ್ಲಿ ರೂಪಿಸಿದ್ದು, ತಮ್ಮ ಸೂಚಿಗೆ ಯಾವ ಜರ್ನಲ್‌ಗಳನ್ನು ಆರಿಸಬೇಕೆಂದು ತಿಳಿಯಲು. ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದರು ಎಂಬುದಷ್ಟೇ ಅದು ಹೇಳುತ್ತದೆ. ತರಗತಿಯ ಸರಾಸರಿ ಅಂಕ ನೋಡಿ ಒಬ್ಬ ವಿದ್ಯಾರ್ಥಿಗೆ ದರ್ಜೆ ಕೊಟ್ಟರೆ ನಾವು ಸುಮ್ಮನಿರುವೆವೇ? ಜರ್ನಲ್‌ನ ಅಂಕವನ್ನು ವ್ಯಕ್ತಿಯ ಅಂಕವನ್ನಾಗಿಸಬಾರದೆಂದು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ ಹೇಳಿತು. ಇನ್ನು, ಜಾಗತಿಕ ಸೂಚಿಗಳಲ್ಲಿರುವುದು ಬಹುಪಾಲು ಇಂಗ್ಲಿಷ್ ಜರ್ನಲ್‌ಗಳೇ. ತುಳು, ಬ್ಯಾರಿ ಭಾಷೆಗಳ ಕುರಿತು ಕನ್ನಡದಲ್ಲಿ ಬರೆದವರ ಶ್ರಮ ಆ ತಕ್ಕಡಿಗೆ ಏರುವುದೇ ಇಲ್ಲ.

ನಮ್ಮ ದೇಶದಲ್ಲಿ ಯುಜಿಸಿ 2010ರ ನಿಯಮಗಳಲ್ಲಿ ಪ್ರಕಟಣೆಗೆ ಇಷ್ಟಿಷ್ಟು ಅಂಕವೆಂದು ಗೊತ್ತುಪಡಿಸಿತು. ಅಂಕಕ್ಕೆ ಬೆಲೆ ಬಂದಾಗ ಅಂಕ ಮಾರುವವರೂ ಹುಟ್ಟಿಕೊಂಡರು. ಹಣ ಪಡೆದು ಏನನ್ನಾದರೂ ಅಚ್ಚು ಮಾಡುವ ಜರ್ನಲ್‌ಗಳು ಹಬ್ಬಿದವು. 2018ರಲ್ಲಿ ಯುಜಿಸಿ ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳನ್ನು ತೆಗೆದುಹಾಕಬೇಕಾಯಿತು. ಬಳಿಕ ಬಂದ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟು, ಗುಣಮಟ್ಟ ನಿರ್ಧರಿಸುವ ಕೆಲಸವನ್ನು ಸಂಸ್ಥೆಗಳಿಗೇ ಒಪ್ಪಿಸಲಾಯಿತು. ಪಟ್ಟಿ ಹೋಯಿತು, ಹೊಣೆ ಉಳಿಯಿತು.

ಇಲ್ಲಿ ಒಂದು ಆತಂಕವನ್ನು ನಾವು ಕಡೆಗಣಿಸಬಾರದು. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲೇರಿದ ಯುವಕ, ಯಾರ ಶಿಫಾರಸೂ ಇಲ್ಲದ ಯುವತಿ ಕೇಳುತ್ತಾರೆ: “ಓದಿ ತೀರ್ಮಾನಿಸುತ್ತೇವೆ ಎಂದರೆ ನಮ್ಮನ್ನು ಕಾಯುವವರು ಯಾರು? ಅಂಕವಾದರೂ ನಮ್ಮ ಜಾತಿ, ಧರ್ಮ, ಊರು ಕೇಳುವುದಿಲ್ಲ.” ಇದು ನಿಜವಾದ ನೋವು. ಕುರುಡು ಅಂಕ ಎಷ್ಟೋ ಸಲ ಪಕ್ಷಪಾತದ ಕಣ್ಣಿಗಿಂತ ಮೇಲೆನಿಸುತ್ತದೆ.

ಆದರೆ ಪಕ್ಷಪಾತಕ್ಕೆ ಮದ್ದು ಓದದಿರುವುದಲ್ಲ, ಎಲ್ಲರೂ ಓದಲು ಸಾಧ್ಯವಾಗುವುದು. 1928ರ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ತಮ್ಮ ಶೋಧವನ್ನು ಬೆಂಗಳೂರಿನ ಉಪನ್ಯಾಸವೊಂದರಲ್ಲಿ ವಿವರಿಸಿದರು. ‘ನೇಚರ್’ಗೆ ಕಿರು ಟಿಪ್ಪಣಿ ಕಳುಹಿಸಿದ್ದರೂ, ಉಪನ್ಯಾಸದ ಪೂರ್ಣ ಪಾಠ ಅಚ್ಚಾದದ್ದು ಅವರೇ ಆರಂಭಿಸಿದ್ದ, ಆಗಿನ್ನೂ ಎಳೆಯ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ. ಅದರ ಪ್ರತಿಗಳನ್ನು ಅವರು ದೇಶವಿದೇಶದ ವಿಜ್ಞಾನಿಗಳಿಗೆ ಕಳುಹಿಸಿದರು. ಜರ್ನಲ್‌ನ ವಯಸ್ಸು ಯಾರಿಗೂ ಅಡ್ಡಿಯಾಗಲಿಲ್ಲ. ಶೋಧವನ್ನು ಪರೀಕ್ಷಿಸಿದರು, ಒಪ್ಪಿದರು. 1930ರಲ್ಲಿ ನೊಬೆಲ್ ಬಂತು.

ಇಂದು ಅಂಚೆಯ ಕೆಲಸವನ್ನು ಮುಕ್ತ ಪ್ರಕಟಣೆ ಮಾಡಬಲ್ಲದು. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಲೇಖನವನ್ನು ಆಯ್ಕೆ ಸಮಿತಿ ಓದಿ, ತನ್ನ ಅಭಿಪ್ರಾಯವನ್ನು ಕಾರಣ ಸಹಿತ ಬರೆದು ಪ್ರಕಟಿಸಲಿ. ಆಗ ತಿರಸ್ಕೃತರೂ ಅದೇ ಲೇಖನವನ್ನು ಮುಂದಿಟ್ಟು ‘ಇದು ಅನ್ಯಾಯ’ ಎಂದು ತೋರಿಸಬಹುದು. ತೀರ್ಪು ನೀಡುವವರನ್ನೂ ಸಮಾಜ ತೂಗಿ ನೋಡಬಹುದು.

ಮುಕ್ತ ಎಂಬ ಹೆಸರಿಗೂ ನಾವು ಮರುಳಾಗಬಾರದು. 2020ರಲ್ಲಿ ‘ನೇಚರ್’ ಒಂದು ಲೇಖನವನ್ನು ಮುಕ್ತವಾಗಿಸಲು ಲೇಖಕರಿಗೆ 9,500 ಯೂರೋ ಶುಲ್ಕ ಪ್ರಕಟಿಸಿತು. ಓದುಗನಿಗೆ ತೆರೆದ ಬಾಗಿಲು ಬಡ ಲೇಖಕನಿಗೆ ಮುಚ್ಚಿದಂತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂತೆ, ಲೇಖಕರು ತಮ್ಮ ಬರಹವನ್ನು ಶುಲ್ಕವಿಲ್ಲದೆ ಇರಿಸಬಹುದಾದ ಭಂಡಾರ ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಬೇಕು.

ಒಬ್ಬರ ಹತ್ತು ವರ್ಷಗಳ ದುಡಿಮೆಯ ಮೇಲೆ ತೀರ್ಪು ಕೊಡುವವರು ಅದಕ್ಕಾಗಿ ಒಂದು ದಿನ ಕೂತು ಓದುವುದು ಔದಾರ್ಯವಲ್ಲ, ಸಲ್ಲಿಸಲೇಬೇಕಾದ ಋಣ.