ಇಂದಿನ ಧಮ್ಮ ಚಿಂತನೆ: ಗುರಿ ಇಟ್ಟುಕೊಳ್ಳುವುದೂ ತೃಷ್ಣೆಯೇ?





ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ತಂಗಿಯೊಬ್ಬಳು ನಮ್ಮ ಅಧ್ಯಯನ ಬಳಗದಲ್ಲಿ ನೇರವಾಗಿ ಕೇಳಿದಳು: "ದುಃಖಕ್ಕೆ ತೃಷ್ಣೆಯೇ ಕಾರಣ ಅಂತಾರೆ ಭಗವಾನ್ ಬುದ್ಧರು. ಹಾಗಾದ್ರೆ ನಾನು ಅಧಿಕಾರಿ ಆಗಬೇಕು ಅಂದುಕೊಂಡಿರೋದೂ ತೃಷ್ಣೆ ತಾನೇ ಅಣ್ಣಾ?"

ನನ್ನ ಉತ್ತರ: ಅಲ್ಲ.

ಪಾಲಿಯಲ್ಲಿ ಎರಡು ಬೇರೆ ಬೇರೆ ಪದಗಳಿವೆ. ಒಂದು ತಣ್ಹಾ, ಅಂದರೆ ಬಾಯಾರಿಕೆ. ಬೇಕಾದದ್ದು ಸಿಕ್ಕರೂ ಅದು ತಣಿಯುವುದಿಲ್ಲ, ಸಿಗದಿದ್ದರೆ ಒಳಗೇ ಸುಡುತ್ತದೆ. ಇನ್ನೊಂದು ಛಂದ, ಅಂದರೆ ಮಾಡಬೇಕೆಂಬ ಮನಸ್ಸು. ಒಳ್ಳೆಯದನ್ನು ಮಾಡುವ ಮನಸ್ಸನ್ನು ಕುಶಲ ಛಂದ ಎನ್ನುತ್ತಾರೆ. ತಣ್ಹಾ ಬರೀ ಫಲವನ್ನು ನೋಡುತ್ತದೆ. ಛಂದ ಇವತ್ತು ಮಾಡಬೇಕಾದ ಕೆಲಸವನ್ನು ನೋಡುತ್ತದೆ. ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸಂಕಲ್ಪ, ಸಮ್ಯಕ್ ವ್ಯಾಯಾಮ ಎರಡೂ ಇವೆ. ಗುರಿಯೇ ತಪ್ಪಾಗಿದ್ದರೆ ಇವೆರಡಕ್ಕೂ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ನಮ್ಮ ಜನರಿಗೆ ಈ ಮಾತು ಇನ್ನೂ ಹೆಚ್ಚು ಮುಖ್ಯ. ನಮ್ಮ ಹಿರಿಯರ ನಾಳೆಯನ್ನು ಊರೇ ಬರೆದಿಟ್ಟಿತ್ತು. ಯಾರ ಮಗ ಯಾವ ಕೆಲಸ ಮಾಡಬೇಕು, ಯಾವ ಬಾವಿ ಮುಟ್ಟಬಾರದು, ಎಲ್ಲಿ ನಿಲ್ಲಬೇಕು, ಎಲ್ಲವೂ ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಅದಕ್ಕೆ ಹಣೆಬರಹ, ಪೂರ್ವಜನ್ಮದ ಕರ್ಮ ಎಂದು ಹೆಸರಿಟ್ಟರು. ಹಿಂದಿನ ಜನ್ಮದ ಕರ್ಮವೇ ಈ ಜನ್ಮವನ್ನು ನಿರ್ಧರಿಸುತ್ತದೆ ಎಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿರಸ್ಕರಿಸಿದ್ದಾರೆ. ಆದ್ದರಿಂದ ನಮ್ಮ ಮನೆಯ ಮಗು ನೋಟ್‌ಬುಕ್ಕಿನಲ್ಲಿ ಐದು ವರ್ಷದ ಯೋಜನೆ ಬರೆದರೆ, ಅದು ಹಣೆಬರಹವನ್ನು ಅಳಿಸುವ ಕೆಲಸ.

ಬಾಬಾಸಾಹೇಬರ ಬದುಕನ್ನೇ ನೋಡಿ. 1917ರಲ್ಲಿ ಬರೋಡಾ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದು ಅರ್ಧಕ್ಕೆ ನಿಂತಿತು. ಅವರ ಸಾಮಾನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತು. ಆದರೆ ಹೊರಡುವ ಮುಂಚೆಯೇ, ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ಅನುಮತಿ ಪಡೆದಿದ್ದರು. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಸಂಬಳದಲ್ಲಿ ಉಳಿಸಿದರು. ಶಾಹೂ ಮಹಾರಾಜರ ನೆರವು, ಸ್ನೇಹಿತರ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1921ರಲ್ಲಿ ಎಂ.ಎಸ್ಸಿ. ಪಡೆದರು. ಮಹಾಪ್ರಬಂಧವನ್ನು ತಿದ್ದಿ ಕೊಡಿ ಎಂದಾಗ ತಿದ್ದಿ ಕೊಟ್ಟು 1923ರಲ್ಲಿ ಡಿ.ಎಸ್ಸಿ. ಪಡೆದರು.

ಧಮ್ಮದ ದಾರಿಯಲ್ಲೂ ಹಾಗೆಯೇ. 1935ರಲ್ಲಿ ಯೇವಲಾದಲ್ಲಿ ಮಾಡಿದ ಘೋಷಣೆ ನಾಗಪುರದಲ್ಲಿ ಈಡೇರಿದ್ದು 1956ರಲ್ಲಿ. ಆ 21 ವರ್ಷ ಅವರು ಸುಮ್ಮನೆ ಕಾಯಲಿಲ್ಲ. ಓದಿದರು, ಧರ್ಮಗಳನ್ನು ತೂಗಿ ನೋಡಿದರು, ಶ್ರೀಲಂಕಾ, ಬರ್ಮಾಗಳಿಗೆ ಹೋಗಿಬಂದರು, 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಕಟ್ಟಿದರು.

ಯೋಜನೆ ಹಾಕುವುದು ಹೇಗೆ? ಸಮ್ಯಕ್ ವ್ಯಾಯಾಮದ ನಾಲ್ಕು ಪ್ರಯತ್ನಗಳೇ ದಾರಿ:

1. ಇನ್ನೂ ಬಾರದ ಕೆಡುಕು ಬಾರದಂತೆ ನೋಡಿಕೊಳ್ಳುವುದು. ಓದಲು ಕೂರುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ.
2. ಬಂದಿರುವ ಕೆಡುಕನ್ನು ಬಿಡುವುದು. "ನಮ್ಮಂಥವರಿಗೆಲ್ಲಿ ಆಗುತ್ತೆ" ಎಂಬ ಮಾತೂ ಅದರಲ್ಲಿ ಒಂದು.
3. ಇಲ್ಲದ ಒಳಿತನ್ನು ಹುಟ್ಟಿಸುವುದು. ದಿನಕ್ಕೆ ಒಂದೇ ಗಂಟೆಯಾದರೂ ಸರಿ, ಸಮಯ ನಿಗದಿ ಮಾಡಿ.
4. ಇರುವ ಒಳಿತನ್ನು ಉಳಿಸಿ ಬೆಳೆಸುವುದು. ವಾರಕ್ಕೊಮ್ಮೆ ಕೂತು ಲೆಕ್ಕ ನೋಡಿ.

ಒಂದು ಎಚ್ಚರಿಕೆ ಮಾತ್ರ ಬೇಕು. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು, ಓದಿ ಮೇಲೆ ಬಂದವರು ಸಮಾಜವನ್ನು ಮರೆತರು ಎಂದು ನೊಂದು ನುಡಿದರು. ಗುರಿ ನನ್ನ ಕುರ್ಚಿ, ನನ್ನ ಮನೆ, ನನ್ನ ಕಾರಿಗೇ ನಿಂತುಬಿಟ್ಟರೆ ಛಂದವು ತಣ್ಹಾ ಆಗುತ್ತದೆ. ನಾವು ಹತ್ತಿದ ಮೆಟ್ಟಿಲಲ್ಲಿ ಇನ್ನೊಬ್ಬರನ್ನು ಹತ್ತಿಸುವ ಯೋಚನೆಯೂ ಜೊತೆಗಿರಬೇಕು.

ಇನ್ನು ಫಲ. ಎಲ್ಲವೂ ಅನಿತ್ಯ. ಪರೀಕ್ಷೆ ಪಾಸಾಗಬಹುದು, ಆಗದೆಯೂ ಇರಬಹುದು. ಆದರೆ ಓದಿನಿಂದ ಬಂದ ಶಿಸ್ತು, ತಿಳಿವಳಿಕೆಯನ್ನು ಯಾವ ಫಲಿತಾಂಶವೂ ಕಿತ್ತುಕೊಳ್ಳಲಾರದು.

ಇಂದಿನ ಅಭ್ಯಾಸ: ರಾತ್ರಿ ತ್ರಿಸರಣ, ಪಂಚಶೀಲ ಹೇಳಿದ ಮೇಲೆ ಮೂರು ಸಾಲು ಬರೆಯಿರಿ. ನನ್ನ ಗುರಿ ಏನು? ಅದರಿಂದ ಯಾರಿಗೆಲ್ಲ ಒಳಿತು? ನಾಳೆ ಅದಕ್ಕಾಗಿ ಮಾಡುವ ಒಂದು ಕೆಲಸ ಯಾವುದು?

ಭವತು ಸಬ್ಬ ಮಂಗಲಂ. ಜೈ ಭೀಮ್.