ನೆಪ್ಚೂನೋ, ವಲ್ಕನೋ?

1915ರ ನವೆಂಬರ್ 25ರಂದು ಐನ್‌ಸ್ಟೈನ್ ಬರ್ಲಿನ್ನಿನ ಪ್ರಷ್ಯನ್ ಅಕಾಡೆಮಿಯ ಮುಂದೆ ಗುರುತ್ವದ ಅಂತಿಮ ಸಮೀಕರಣಗಳನ್ನಿಟ್ಟರು. ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಹುಟ್ಟುಹಬ್ಬವೆಂದು ಆ ದಿನವನ್ನು ನೆನೆಯುವಾಗ ನಾವು ಹೇಳಿಕೊಳ್ಳುವ ಕಥೆ ತೀರಾ ಸರಳ: ಬುಧಗ್ರಹ ನ್ಯೂಟನ್ನರ ಲೆಕ್ಕಕ್ಕೆ ಬಗ್ಗಲಿಲ್ಲ, ಆದ್ದರಿಂದ ನ್ಯೂಟನ್ ಸೋತರು, ಐನ್‌ಸ್ಟೈನ್ ಗೆದ್ದರು. ವಿಜ್ಞಾನ ತೀರ್ಮಾನಕ್ಕೆ ಬರುವ ಬಗೆಯನ್ನು ಈ ಕಥೆ ಮರೆಮಾಚುತ್ತದೆ.

ಬುಧನಿಗಿಂತ ಮೊದಲು ಯುರೇನಸ್ ಹೀಗೆಯೇ ಲೆಕ್ಕ ತಪ್ಪಿಸಿತ್ತು. ಫ್ರಾನ್ಸಿನ ಲೆ ವೆರ್ಯೆ ಆಗ ನ್ಯೂಟನ್ನರನ್ನು ಸಂಶಯಿಸಲಿಲ್ಲ. ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿದೆಯೆಂದು ಊಹಿಸಿ, ಅದಿರುವ ಜಾಗವನ್ನೂ ಗಣಿತದಿಂದ ಹೇಳಿದರು. 1846ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ನಿನ ಗಾಲೆ ಅತ್ತ ದೂರದರ್ಶಕ ತಿರುಗಿಸಿದಾಗ ನೆಪ್ಚೂನ್ ಸಿಕ್ಕೇಬಿಟ್ಟಿತು. 1859ರಲ್ಲಿ ಲೆ ವೆರ್ಯೆ ಅವರೇ ಬುಧನ ಕಕ್ಷೆಯಲ್ಲೂ ವಿವರಣೆಗೆ ಸಿಗದ ಸಣ್ಣ ತಿರುವೊಂದನ್ನು ಗುರುತಿಸಿದರು. ಇಂದಿನ ಅಳತೆಯಲ್ಲಿ ಅದು ಶತಮಾನಕ್ಕೆ 43 ಆರ್ಕ್ ಸೆಕೆಂಡ್, ಅಂದರೆ ಒಂದು ಡಿಗ್ರಿಯ ಎಂಬತ್ತನೇ ಒಂದು ಭಾಗವೂ ಇಲ್ಲ. ಮತ್ತೆ ಅದೇ ದಾರಿ ಹಿಡಿದು, ಸೂರ್ಯನ ಸಮೀಪ ಕಾಣದ ಕಾಯಗಳಿರಬೇಕೆಂದರು. ಹಾಗೆ ಊಹಿಸಿದ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಗ್ರಹಣದಿಂದ ಗ್ರಹಣಕ್ಕೆ ದಶಕಗಳ ಕಾಲ ಹುಡುಕಿದರು. ಅದು ಇರಲೇ ಇಲ್ಲ.

ಎರಡನೆಯ ಸಲ ಲೆ ವೆರ್ಯೆ ಹಟಮಾರಿಯಾದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹೊಂದದ ಒಂದೇ ಅಂಕಿಗೆ ಸಿದ್ಧಾಂತವನ್ನು ಎಸೆಯುವುದಾಗಿದ್ದರೆ ನೆಪ್ಚೂನನ್ನು ಯಾರೂ ಹುಡುಕುತ್ತಲೇ ಇರಲಿಲ್ಲ. ಐನ್‌ಸ್ಟೈನರೂ ಎಸೆಯಲಿಲ್ಲ. 1913ರ ತಮ್ಮ ಕರಡು ಸಿದ್ಧಾಂತವನ್ನು ಗೆಳೆಯ ಬೆಸ್ಸೊ ಜೊತೆ ಬುಧನಿಗೆ ಅನ್ವಯಿಸಿದಾಗ 43ರ ಬದಲು 18 ಬಂದಿತ್ತು; ಆದರೂ ಎರಡು ವರ್ಷ ಅದನ್ನೇ ನೆಚ್ಚಿಕೊಂಡಿದ್ದರು. ಕೊನೆಗೆ ಅದನ್ನು ಕೈಬಿಟ್ಟು ಹೊಸ ಸಮೀಕರಣಗಳಿಂದ ಲೆಕ್ಕ ಮಾಡಿದಾಗ 43 ತಾನಾಗಿ ಬಂತು. ಆ ಸಂತೋಷದಲ್ಲಿ ಹಲವು ದಿನ ಮೈಮರೆತಿದ್ದರಂತೆ.

ಯಾವಾಗ ಸಿದ್ಧಾಂತವನ್ನು ಕಾಯಬೇಕು, ಯಾವಾಗ ಬಿಡಬೇಕು ಎಂಬುದಕ್ಕೆ ಮೊದಲೇ ಬರೆದಿಟ್ಟ ನಿಯಮವಿಲ್ಲ. ಆದರೆ ಪ್ರಾಮಾಣಿಕತೆಯ ಅಳತೆಗೋಲೊಂದಿದೆ: ಸಿದ್ಧಾಂತವನ್ನು ಉಳಿಸಲು ತಂದ ಊಹೆಯನ್ನು ಬೇರೆಯಾಗಿ ಪರೀಕ್ಷಿಸಲು ಸಾಧ್ಯವಿರಬೇಕು. ಲೆ ವೆರ್ಯೆ ಎರಡು ಸಲವೂ ಹುಡುಕಿ ನೋಡಬಹುದಾದದ್ದನ್ನೇ ಹೇಳಿದರು. ಸಿಗದೆಹೋದ ವಲ್ಕನ್ ಕೂಡ ಆ ಅರ್ಥದಲ್ಲಿ ಒಳ್ಳೆಯ ವಿಜ್ಞಾನವೇ.

ಈ ಪ್ರಶ್ನೆ ಈಗ ಐನ್‌ಸ್ಟೈನರ ಮುಂದೆಯೇ ನಿಂತಿದೆ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಕಣ್ಣಿಗೆ ಕಾಣುವ ದ್ರವ್ಯದ ಲೆಕ್ಕಕ್ಕೆ ಮೀರಿದ ವೇಗದಲ್ಲಿ ಸುತ್ತುತ್ತವೆಂದು 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಕಾಣದ ಕಪ್ಪುದ್ರವ್ಯವಿದೆ ಎನ್ನುವವರು ಹೆಚ್ಚು. ಗುರುತ್ವದ ನಿಯಮವನ್ನೇ ತಿದ್ದಬೇಕೆನ್ನುವವರೂ ಇದ್ದಾರೆ. ಇದು ನೆಪ್ಚೂನೋ, ವಲ್ಕನೋ? ಐನ್‌ಸ್ಟೈನರ ಪರ ಸಾಕ್ಷ್ಯ ದೊಡ್ಡದು. 2015ರಲ್ಲಿ ಸಿಕ್ಕ ಗುರುತ್ವದ ಅಲೆಗಳೇ ಸಾಕು: ಕದಡಿದ ಕಪ್ಪುಕುಳಿ ಹೇಗೆ ಕಂಪಿಸಿ ಅಡಗುತ್ತದೆಂದು ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ ಆ ಸಿದ್ಧಾಂತದಿಂದಲೇ 1970ರಲ್ಲಿ ಲೆಕ್ಕಹಾಕಿದ್ದರು; ಸಿಕ್ಕ ಅಲೆಗಳು ಅದಕ್ಕೆ ಹೊಂದಿದವು. ಹಾಗಾಗಿ ನನ್ನ ಒಲವು ಕಪ್ಪುದ್ರವ್ಯದ ಕಡೆಗೇ. ಆದರೆ 1859ರಲ್ಲಿ ನ್ಯೂಟನ್ನರ ಬೆನ್ನಿಗೂ 170 ವರ್ಷಗಳ ಗೆಲುವಿತ್ತು.

ವಿಜ್ಞಾನದ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ. ಐನ್‌ಸ್ಟೈನರ ಗೆಲುವಿನ ಜೊತೆಗೆ ವಲ್ಕನ್ ಕಥೆಯನ್ನೂ ಮಕ್ಕಳಿಗೆ ಹೇಳಿ. ಕಪ್ಪುದ್ರವ್ಯದ ಒಂದು ಕಣವೂ ಇನ್ನೂ ಖಚಿತವಾಗಿ ಕೈಗೆ ಸಿಕ್ಕಿಲ್ಲ ಎಂಬುದನ್ನು ಮುಚ್ಚಿಡಬೇಡಿ.